ಫೈಟ್ ಎಂದೊಡನೆ ಕಣ್ಣು ಮುಚ್ಚಿಹೋಗುತ್ತದೆ: ಮಲೆನಾಡಿನಲ್ಲಿ ಕರಾಟೆ, ಕುಸ್ತಿ, ಜೂಡೋ ಕಲಿತವರು ದಯವಿಟ್ಟು ಬರೆಯಿರಿ

ತುಂಗಾತೀರ, ಶಿವಮೊಗ್ಗ

ಮಕ್ಕಳ ಸಾಲಿನಲ್ಲಿ ನಿಂತು ಬಿಳಿ ಬೆಲ್ಟ್ ಕಟ್ಟಿಕೊಂಡಾಗ ನನಗೆ ಮೂವತ್ತು ದಾಟಿತ್ತು. ಈಗ ಬ್ರೌನ್ ಬೆಲ್ಟ್, ಮೂರನೇ ಕ್ಯೂ (ಬ್ಲ್ಯಾಕ್ ಬೆಲ್ಟ್‌ಗೆ ಮುಂಚಿನ ದರ್ಜೆಗಳಿಗೆ ಕ್ಯೂ ಎನ್ನುತ್ತಾರೆ). ಶೋಟೊಕಾನ್ ಶೈಲಿಯ ಕರಾಟೆ. ವಿನೋಬನಗರದ ಕಡೆ ಒಂದು ಸಭಾಂಗಣದಲ್ಲಿ ಸಂಜೆ ತರಗತಿ ನಡೆಯುತ್ತದೆ. ಕಚೇರಿ ಮುಗಿಸಿ ಅಲ್ಲಿಗೆ ಹೋಗಿ ಬಟ್ಟೆ ಬದಲಿಸುವ ಹೊತ್ತಿಗೆ ಮೈ ಅರ್ಧ ಸೋತಿರುತ್ತದೆ. ಆದರೂ ಆ ಒಂದೂವರೆ ಗಂಟೆಯನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ.

ಕಾತಾ, ಅಂದರೆ ಒಬ್ಬರೇ ನಿಗದಿತ ಕ್ರಮದಲ್ಲಿ ಮಾಡುವ ಹೊಡೆತ, ತಡೆಗಳ ಸರಣಿ, ನನಗೆ ಪ್ರಾಣ. ಹೇಯಾನ್ ಎಂಬ ಐದು ಕಾತಾಗಳೂ ಬರುತ್ತವೆ. ಈಗ ತೆಕ್ಕಿ ಶೋದಾನ್ ಎಂಬ ಕಾತಾ ನಡೆಯುತ್ತಿದೆ. ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಕುದುರೆ ಸವಾರನ ಭಂಗಿ. ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ, ಒಂದೇ ಗೆರೆಯ ಮೇಲೆ ಎಡಕ್ಕೆ ಬಲಕ್ಕೆ ಸರಿಯಬೇಕು. ತೊಡೆ ಥರಥರ ನಡುಗುತ್ತದೆ, ಸೊಂಟ ಮೇಲೇಳಲು ಹವಣಿಸುತ್ತದೆ, ಮಾಸ್ಟರ್ ಬಂದು ಹೆಗಲ ಮೇಲೆ ಕೈಯಿಟ್ಟು ಮತ್ತೆ ಕೆಳಗೆ ಒತ್ತುತ್ತಾರೆ. ಆ ನೋವಿಗೆ ನಾನು ಹೆದರಿದವಳಲ್ಲ.

ನನ್ನ ಕಷ್ಟ ಕುಮಿತೆಯದು, ಅಂದರೆ ಎದುರಾಳಿಯೊಂದಿಗೆ ಹೋರಾಡುವ ಅಭ್ಯಾಸದ್ದು. ನಮ್ಮಲ್ಲಿ ಎಲ್ಲರೂ ಅದನ್ನು ಫೈಟ್ ಎಂದೇ ಕರೆಯುತ್ತಾರೆ. ತರಗತಿಯಲ್ಲಿ ಇರುವವರು ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳು, ಇಲ್ಲವೇ ಎಪ್ಪತ್ತು ಕಿಲೋ ಮೀರಿದ ಕಾಲೇಜು ಹುಡುಗರು. ಮಕ್ಕಳಿಗೆ ನಾನು ಹೊಡೆಯಲಾರೆ. ಹುಡುಗರಲ್ಲಿ ಕೆಲವರು ನನ್ನನ್ನು ಮುಟ್ಟಲೇ ಸಂಕೋಚಪಟ್ಟು ಗಾಳಿಗೆ ಗುದ್ದುತ್ತಾರೆ. ಇನ್ನು ಕೆಲವರಿಗೆ ನನ್ನಿಂದ ಒಂದು ಏಟು ಬಿದ್ದರೆ ಮುಖ ಕೆಂಪಾಗಿ, ಮುಂದಿನ ಏಟು ಲೆಕ್ಕವಿಲ್ಲದೆ ಬರುತ್ತದೆ. ಹೀಗಾಗಿ ಇಷ್ಟು ವರ್ಷ ಕಲಿತರೂ ನನಗೆ ನಿಜವಾದ ಅಭ್ಯಾಸವೇ ಆಗಿಲ್ಲ. ಮುಖದ ಕಡೆ ಕೈ ಬಂದರೆ ಸಾಕು, ಕಣ್ಣು ಮುಚ್ಚಿಹೋಗುತ್ತದೆ, ಉಸಿರು ಎದೆಯಲ್ಲೇ ನಿಲ್ಲುತ್ತದೆ, ಕಲಿತದ್ದು ಒಂದೂ ನೆನಪಿಗೆ ಬರುವುದಿಲ್ಲ. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮುಕ್ತ ಕುಮಿತೆ ಮಾಡಿ ತೋರಿಸಲೇಬೇಕು.

ಬಿಟ್ಟುಬಿಡು ಎನ್ನುವವರು ಮನೆಯಲ್ಲೇ ಸಾಕಷ್ಟು ಜನ ಇದ್ದಾರೆ. ನಾನು ಕೇಳುತ್ತಿರುವುದು ಬೇರೆ. ನಮ್ಮ ಊರುಗಳಲ್ಲಿ ನಿಮಗೆ ಜತೆಗಾರರು ಹೇಗೆ ಸಿಕ್ಕರು? ಈ ಭಯವನ್ನು ನೀವು ಹೇಗೆ ದಾಟಿದಿರಿ? ಯಾವ ವಿದ್ಯೆಯವರಾದರೂ ಸರಿ, ಬರೆಯಿರಿ.

ಹಳೇ ಗರಡಿ, ಶಿವಮೊಗ್ಗ ಕೋಟೆ ಕಡೆ

ತಂಗಿ, ನಾನು ಕರಾಟೆಯವನಲ್ಲ, ಮಣ್ಣಿನವನು. ವಯಸ್ಸು ಅರವತ್ತೈದು ದಾಟಿದೆ. ಆದರೆ ನೀವು ಹೇಳಿದ ಭಯ ನನಗೆ ಚೆನ್ನಾಗಿ ಗೊತ್ತು. ಎದುರಾಳಿ ಕೈ ಚಾಚಿದೊಡನೆ ತಲೆ ಹಿಂದಕ್ಕೆ ಎಳೆಯುವ ಹುಡುಗರನ್ನು ಎಷ್ಟೋ ನೋಡಿದ್ದೇನೆ.

ಗರಡಿಗೆ ಸೇರಿದ ಹುಡುಗನಿಗೆ ಮೊದಲು ಕುಸ್ತಿಯನ್ನೇ ಕೊಡುತ್ತಿರಲಿಲ್ಲ. ಬೆಳಗಿನ ಜಾವ ಬಂದು ಆಂಜನೇಯನಿಗೆ ಕೈಮುಗಿದು ಮಟ್ಟಿ ಅಗೆಯಬೇಕು. ಅರಿಸಿನ, ಕರ್ಪೂರ, ಎಣ್ಣೆ, ಮಜ್ಜಿಗೆ ಸೇರಿಸಿ ಹದ ಮಾಡಿದ ಕೆಮ್ಮಣ್ಣು ಅದು. ದಿನವೂ ತಿರುವಿ ಹಾಕದಿದ್ದರೆ ಗಟ್ಟಿಯಾಗುತ್ತದೆ, ಬಿದ್ದವನ ಮೈ ಮುರಿಯುತ್ತದೆ. ಆಮೇಲೆ ದಂಡ, ಬೈಠಕ್, ಗದೆ ತಿರುಗಿಸುವುದು. ಮೈಗೆ ಮಣ್ಣಿನ ಪರಿಚಯ ಆದ ಮೇಲೆ ಉಸ್ತಾದರು ನಮ್ಮನ್ನು ಒಬ್ಬ ಹಿರಿಯ ಪೈಲ್ವಾನನ ಕೈಗೆ ಒಪ್ಪಿಸುತ್ತಿದ್ದರು. ಆತ ನನಗಿಂತ ಇಮ್ಮಡಿ ಬಲಶಾಲಿ. ಆದರೂ ನಾನು ಕಾಲಿಗೆ ಕೈ ಹಾಕಿದರೆ ಬಿಟ್ಟುಕೊಡುತ್ತಿದ್ದ. ಪಟ್ಟು ಸರಿಯಿದ್ದರೆ ತಾನಾಗಿ ಬೀಳುತ್ತಿದ್ದ, ತಪ್ಪಿದ್ದರೆ ಕಂಬವಾಗಿ ನಿಲ್ಲುತ್ತಿದ್ದ. ಮಾತಿಲ್ಲದೆ ಪಾಠ ನಡೆಯುತ್ತಿತ್ತು. ತಿಂಗಳುಗಟ್ಟಲೆ ಹೀಗೇ. ಇವನು ನನಗೆ ಕೆಡುಕು ಮಾಡುವವನಲ್ಲ ಎಂಬ ನಂಬಿಕೆ ಬಂದ ಮೇಲೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ನಿಮಗೆ ಆ ಹಿರಿಯ ಪೈಲ್ವಾನ ಸಿಕ್ಕಿಲ್ಲ, ಅಷ್ಟೇ. ಕೊರತೆ ನಿಮ್ಮದಲ್ಲ.

ನಮ್ಮ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿಯ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರನ್ನು ನೋಡಬೇಕು. ತಕ್ಕಡಿಯಿಲ್ಲದೆ, ಹುಡುಗನ ಹೆಗಲು, ಕತ್ತು, ನಿಂತ ರೀತಿ ನೋಡಿಯೇ ಇವನಿಗೆ ಇವನು ಸರಿ ಎಂದು ಕೈ ಹಿಡಿಸುತ್ತಾರೆ. ಜೋಡಿ ತಪ್ಪಾದರೆ ಗೆದ್ದವನಿಗೂ ಬೆಲೆಯಿಲ್ಲ, ಸೋತವನಿಗೂ ಕಲಿಕೆಯಿಲ್ಲ. ಎಪ್ಪತ್ತು ಕಿಲೋ ಹುಡುಗನ ಎದುರು ನಿಮ್ಮನ್ನು ನಿಲ್ಲಿಸುವವರಿಗೆ ಈ ಮಾತು ತಿಳಿಯಬೇಕು.

ಇನ್ನೊಂದನ್ನೂ ಹೇಳಬೇಕು. ನಮ್ಮ ಕಾಲದಲ್ಲಿ ಗರಡಿಯ ಹೊಸ್ತಿಲನ್ನು ಹೆಣ್ಣು ಮಕ್ಕಳಿಗೆ ದಾಟಲು ಬಿಡುತ್ತಿರಲಿಲ್ಲ. ಅದು ಸರಿಯಲ್ಲ ಎಂದು ನಾನು ಈಗ ಬಹಿರಂಗವಾಗಿಯೇ ಹೇಳುತ್ತೇನೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದಲೇ ಮಹಿಳೆಯರ ಕುಸ್ತಿ ಇದೆ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ರಾತ್ರಿ ನಾನು ನಿದ್ದೆಗೆಟ್ಟು ಟಿವಿ ಮುಂದೆ ಕುಳಿತಿದ್ದೆ. ನಮ್ಮ ಗರಡಿಗಳು ಅಂದೇ ಬಾಗಿಲು ತೆರೆದಿದ್ದರೆ ಎಷ್ಟೋ ಗರಡಿಗಳಿಗೆ ಇಂದು ಬೀಗ ಬೀಳುತ್ತಿರಲಿಲ್ಲ.

ಉಕ್ಕಿನ ಊರು, ಭದ್ರಾವತಿ

ಅಕ್ಕ, ನಾನು ಬಾಕ್ಸಿಂಗ್ ಮಾಡುವವನು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದು ಆರು ತಿಂಗಳು ಕಾತಾ ಬದಿಗಿಡಿ. ಗಾಳಿಯೊಂದಿಗೆ ಎಷ್ಟು ಹೋರಾಡಿದರೂ ಗಾಳಿ ತಿರುಗಿ ಹೊಡೆಯುವುದಿಲ್ಲ. ಮುಖಕ್ಕೆ ಕೈ ಬಂದಾಗ ಕಣ್ಣು ಮುಚ್ಚುವುದು ದೇಹದ ಸಹಜ ಗುಣ, ಹೇಡಿತನವಲ್ಲ. ಅದನ್ನು ಬಿಡಿಸಬೇಕಾದರೆ ಮುಖದ ಕಡೆ ಕೈ ಬರಲೇಬೇಕು, ಆದರೆ ನಿಧಾನವಾಗಿ.

ನಮ್ಮ ಕೋಚ್ ನನಗೆ ಮಾಡಿಸಿದ್ದು ಇದು. ಬಾಯಲ್ಲಿ ಹಲ್ಲುರಕ್ಷಕ, ಎದುರಿನವರ ಕೈಗೆ ದಪ್ಪ ಗ್ಲೌಸ್. ನಾನು ಎರಡೂ ಕೈ ಕೆನ್ನೆಗೆ ಒತ್ತಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಅವರು ನನ್ನ ಹಣೆಗೆ, ಮುಂಗೈಗೆ ಮೆಲ್ಲನೆ ತಟ್ಟುತ್ತಾರೆ. ನಾನು ಹೊಡೆಯುವಂತಿಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನೋಡುತ್ತಿರಬೇಕು, ಪ್ರತಿ ತಟ್ಟಿಗೂ ಮೂಗಿನಿಂದ ಸಣ್ಣಗೆ ಉಸಿರು ಬಿಡಬೇಕು. ದೃಷ್ಟಿ ಮುಷ್ಟಿಯ ಮೇಲೆ ಇರಬಾರದು, ಎದುರಿನವರ ಎದೆಯ ಮೇಲಿರಬೇಕು. ಹೆಗಲು ಅಲುಗಿದ್ದು ಅಲ್ಲಿಂದಲೇ ಕಾಣುತ್ತದೆ. ಒಂದು ಸುತ್ತು ಮೂರು ನಿಮಿಷ. ಹಣೆಗೆ ತಟ್ಟಿಸಿಕೊಳ್ಳುವುದು ಮಾಮೂಲಾದ ಮೇಲೆ ವೇಗ ಹೆಚ್ಚಿಸುತ್ತಾರೆ, ಬಲ ಹೆಚ್ಚಿಸುವುದಿಲ್ಲ. ಬಲವನ್ನು ಕೊನೆಗೆ ಕೊಡುತ್ತಾರೆ, ಅದೂ ನಾವು ಕೇಳಿದಷ್ಟೇ.

ತುಂಗಾತೀರ

ಹಳೇ ಗರಡಿ ಅಣ್ಣನವರೇ, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕುಳಿತಿದ್ದೆ. ಕೊರತೆ ನಿಮ್ಮದಲ್ಲ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ.

ಭದ್ರಾವತಿಯ ತಮ್ಮಾ, ಅಭ್ಯಾಸ ಬರೆದುಕೊಂಡಿದ್ದೇನೆ, ಖಂಡಿತ ಮಾಡುತ್ತೇನೆ. ಕಾತಾ ಬದಿಗಿಡು ಎಂಬುದನ್ನು ಮಾತ್ರ ಒಪ್ಪಲಾರೆ. ಹೇಯಾನ್ ಸರಣಿಗೆ ಮೂಲ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದ ಪಿನಾನ್ ಕಾತಾಗಳು. ಅಲ್ಲಿಯ ಕರಾಟೆ ಗುರು ಇತೋಸು ಆಂಕೋ ಅವರು ಶಾಲಾ ಮಕ್ಕಳಿಗೆ ಹಂತಹಂತವಾಗಿ ಕಲಿಸಲೆಂದೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವನ್ನು ರೂಪಿಸಿದರು. ಮುಂದೆ ನಮ್ಮ ಶೋಟೊಕಾನ್ ಶೈಲಿಯ ಮೂಲಗುರು ಗಿಚಿನ್ ಫುನಾಕೋಶಿ ಅವನ್ನು ಜಪಾನಿನ ಮುಖ್ಯ ಭೂಭಾಗಕ್ಕೆ ಒಯ್ದು ಹೇಯಾನ್ ಎಂದು ಕರೆದರು. ಜತೆಗಾರ ಇಲ್ಲದ ದಿನವೂ ಕೆಡದೆ ಉಳಿಯುವುದು ಅದೊಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ತರಗತಿ ನಿಂತಾಗ ಮನೆಯ ಪಡಸಾಲೆಯಲ್ಲಿ ನಾನು ಮಾಡಿದ್ದು ಕಾತಾ. ಸೊಂಟ ಎಲ್ಲಿ ತಿರುಗಬೇಕು, ಉಸಿರು ಎಲ್ಲಿ ಬಿಡಬೇಕು ಎಂಬುದು ನನ್ನ ಮೈಗೆ ಹತ್ತಿದ್ದು ಅದರಿಂದಲೇ. ಎರಡೂ ಬೇಕು ಎಂಬುದು ನನ್ನ ನಂಬಿಕೆ.

ಉಕ್ಕಿನ ಊರು

ಮಳೆಗಾಲದ ಮಾತು ನಿಜ, ಒಪ್ಪಿದೆ. ನಮ್ಮಲ್ಲೂ ಆ ನಾಲ್ಕು ತಿಂಗಳು ಎದುರಾಳಿಯಿಲ್ಲದೆ ಗಾಳಿಗೆ ಗುದ್ದುವ ಶ್ಯಾಡೋ ಬಾಕ್ಸಿಂಗ್ ಒಂದೇ ಗತಿ. ಅದೂ ಒಂದು ಬಗೆಯ ಕಾತಾ ತಾನೇ. ಆದರೆ ಪರೀಕ್ಷೆ ಹತ್ತಿರವಿರುವಾಗ ಸಮಯವನ್ನು ಎಲ್ಲಿ ಹಾಕಬೇಕು ಎಂಬುದನ್ನು ಯೋಚಿಸಿ.

ತೋಟದ ಮನೆ, ತೀರ್ಥಹಳ್ಳಿ ತಾಲ್ಲೂಕು

ಈ ಚರ್ಚೆ ಕಣ್ಣಿಗೆ ಬಿದ್ದದ್ದೇ ಭಾಗ್ಯ. ನಾನು ಬೆಂಗಳೂರಿನಲ್ಲಿ ಓದುವಾಗ ಜೂಡೋ ಕಲಿತೆ. ಅಪ್ಪನಿಗೆ ಆರೋಗ್ಯ ತಪ್ಪಿದ ಮೇಲೆ ತೋಟ ನೋಡಿಕೊಳ್ಳಲು ಊರಿಗೆ ಬಂದೆ. ಇಲ್ಲಿ ಹತ್ತು ಕಿಲೋಮೀಟರ್ ಸುತ್ತಿನಲ್ಲಿ ಜೂಡೋ ಎಂಬ ಪದ ಕೇಳಿದವರೇ ಅಪರೂಪ.

ಕರಾಟೆಯವರಿಗೆ ಕಾತಾ ಇದೆ, ಬಾಕ್ಸಿಂಗ್‌ನವರಿಗೆ ಚೀಲ ಇದೆ. ಜೂಡೋದಲ್ಲಿ ಹಿಡಿಯಲು ಇನ್ನೊಬ್ಬರ ಕಾಲರ್ ಬೇಕು, ತೋಳು ಬೇಕು, ಅವರ ತೂಕ ನಮ್ಮ ಕಡೆ ವಾಲಬೇಕು. ಇಬ್ಬರಿಲ್ಲದೆ ಜೂಡೋ ಇಲ್ಲ. ಮೊದಲ ವರ್ಷ ನಾನು ಅನುಭವಿಸಿದ ಒಂಟಿತನವನ್ನು ಯಾರಿಗೂ ಹೇಳಿಕೊಳ್ಳಲು ಆಗಲಿಲ್ಲ. ಮನೆಯವರಿಗೆ ಅದು ಆಟ. ನನಗೆ ಅದು ಕೈಯಲ್ಲಿದ್ದ ವಿದ್ಯೆ ದಿನದಿನಕ್ಕೂ ಸೋರಿಹೋಗುತ್ತಿರುವ ಸಂಕಟ.

ಆಮೇಲೆ ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಅಡಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ಡಿನಲ್ಲಿ ಭತ್ತದ ಹುಲ್ಲನ್ನು ಮೊಣಕಾಲೆತ್ತರ ಹರಡಿ, ತುಳಿದು ತುಳಿದು ಗಟ್ಟಿ ಮಾಡಿ, ಮೇಲೆ ದಪ್ಪ ಟಾರ್ಪಾಲು ಎಳೆದು ನಾಲ್ಕೂ ಕಡೆ ಮರದ ಪಟ್ಟಿ ಹೊಡೆದೆ. ಜಪಾನಿನ ತತಾಮಿ ಚಾಪೆಯ ಒಳಗೂ ಹಿಂದೆ ಇರುತ್ತಿದ್ದದ್ದು ಭತ್ತದ ಹುಲ್ಲೇ. ಕೊಟ್ಟಿಗೆಯ ಕಂಬಕ್ಕೆ ಸೈಕಲ್ ಟ್ಯೂಬ್ ಕಟ್ಟಿದೆ. ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಎಳೆದು, ತಿರುಗಿ, ಮೊಣಕಾಲು ಬಗ್ಗಿಸಿ ಸೊಂಟ ಒಳಗೆ ತರುವುದು. ಟ್ಯೂಬ್ ಹಿಂದಕ್ಕೆ ಎಳೆಯುತ್ತದೆ, ಕಾಲು ಸರಿಯಾದ ಜಾಗಕ್ಕೆ ಬೀಳದಿದ್ದರೆ ಮೈ ವಾಲಿಬಿಡುತ್ತದೆ. ಇದರಿಂದ ಕಾಲಿನ ಲೆಕ್ಕ ಉಳಿಯಿತು. ಎಸೆತ ಮಾತ್ರ ಉಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ.

ನಿಜವಾಗಿ ಉಳಿದದ್ದು ಬೀಳುವ ವಿದ್ಯೆ. ಗದ್ದ ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಮಾಡಿ, ತೋಳಿನಿಂದ ನೆಲ ಬಡಿದು ಬೀಳುವುದು. ಜೂಡೋದಲ್ಲಿ ಮೊದಲು ಕಲಿಸುವುದೇ ಅದು. ಆಗಸ್ಟ್‌ನಲ್ಲಿ ನಮ್ಮ ತೋಟದ ದಾರಿ ಪಾಚಿ ಕಟ್ಟಿ ಎಷ್ಟು ಜಾರುತ್ತದೆ ಎಂಬುದು ಮಲೆನಾಡಿನವರಿಗೆ ಗೊತ್ತೇ ಇದೆ. ಔಷಧಿ ಸಿಂಪಡಣೆಯ ಸಮಯದಲ್ಲಿ ಕ್ಯಾನ್ ಹೊತ್ತು ಇಳಿಯುವಾಗ ಕಾಲು ಜಾರಿತು. ಯೋಚಿಸುವ ಮೊದಲೇ ಗದ್ದ ಎದೆಗೆ ಬಂದಿತ್ತು, ತೋಳು ನೆಲ ಬಡಿದಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅದೇ ದಾರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರು ನಮ್ಮ ಊರಿನಲ್ಲೇ ಇದ್ದಾರೆ. ಕರಾಟೆ ತರಗತಿಗಳಲ್ಲೂ ಇದನ್ನು ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಳೆಗಾಲದ ದೊಡ್ಡ ಕಷ್ಟ ಬಟ್ಟೆಯದು. ಜೂಡೋ ಅಂಗಿ ನೆನೆದರೆ ಗೋಣಿಚೀಲದಷ್ಟು ಭಾರ, ವಾರವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇನೆ. ಹೊಗೆಯ ವಾಸನೆ ಹಿಡಿಯುತ್ತದೆ, ಆದರೂ ಹಸಿ ಬಟ್ಟೆಗಿಂತ ವಾಸಿ.

ಹೆಣ್ಣುಮಗಳ ತಾಯಿ, ಸಾಗರ

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಆದರೆ ಇಲ್ಲಿ ತಿಳಿದವರು ಇದ್ದೀರಿ. ಮಗಳಿಗೆ ಒಂಬತ್ತು ವರ್ಷ. ಕರಾಟೆಗೆ ಹಾಕಿದೆವು. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಅದಕ್ಕೆ ಶುಲ್ಕ, ಪ್ರಮಾಣಪತ್ರಕ್ಕೆ ಬೇರೆ, ಬೆಲ್ಟ್‌ಗೆ ಬೇರೆ. ಈಗ ಬೇರೆ ರಾಜ್ಯದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ಎನ್ನುತ್ತಿದ್ದಾರೆ, ಪ್ರಯಾಣದ ಖರ್ಚೂ ನಮ್ಮದೇ. ಹೋಗಿಬಂದ ಮಕ್ಕಳೆಲ್ಲರ ಕೊರಳಲ್ಲೂ ಪದಕ ಇದೆ. ನಾವು ದೊಡ್ಡ ಅಡಕೆ ಬೆಳೆಗಾರರಲ್ಲ, ಪತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ.

ದುಡ್ಡನ್ನು ಹೇಗೋ ಹೊಂದಿಸಿಕೊಳ್ಳುತ್ತಿದ್ದೆವು. ಆದರೆ ಹೋದ ವಾರ ಮಗಳು ಹೋಗುವುದಿಲ್ಲ ಎಂದು ಅತ್ತಳು. ಭಂಗಿ ತಪ್ಪಿದ್ದಕ್ಕೆ ಮಾಸ್ಟರ್ ಕಾಲಿನ ಮೀನಖಂಡಕ್ಕೆ ಬೆತ್ತದಿಂದ ಹೊಡೆದರಂತೆ. ಬಾಸುಂಡೆ ನಾನೇ ನೋಡಿದೆ. ಕೇಳಿದರೆ, ಈ ವಿದ್ಯೆಯೇ ಹಾಗೆ, ಮೈ ಗಟ್ಟಿಯಾಗಬೇಕು ಎಂದರು. ಇದು ನಿಜವೇ?

ಹೊಸನಗರದ ಮೇಷ್ಟ್ರು

ಅಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಿಜವಲ್ಲ. ನಾನು ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕ. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಗಳಲ್ಲಿ ನಿಷೇಧಿಸಿದೆ. ಖಾಸಗಿ ತರಗತಿ ಎಂಬ ಕಾರಣಕ್ಕೆ ಮಗುವಿನ ಕಾಲಿನ ಮೇಲೆ ಬಾಸುಂಡೆ ಏಳಿಸುವ ಹಕ್ಕು ಯಾರಿಗೂ ಬರುವುದಿಲ್ಲ. ಒಪ್ಪಿಕೊಂಡು ಎದುರುಬದುರು ನಿಂತಾಗ ತಗಲುವ ಏಟು ಬೇರೆ, ಕಲಿಸುವವನು ಕೋಪದಿಂದ ಕೊಡುವ ಏಟು ಬೇರೆ. ಮಗಳನ್ನು ಅಲ್ಲಿಂದ ಬಿಡಿಸಿ. ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಹಿಂಜರಿಯಬೇಡಿ.

ಬೆಲ್ಟ್ ವಿಷಯ. ಜಿಗೊರೊ ಕಾನೋ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಎಂಬ ಶಾಲೆ ಸ್ಥಾಪಿಸಿ ಜೂಡೋ ಕಲಿಸಲು ತೊಡಗಿದರು. ದಾನ್ ಎಂಬ ಬ್ಲ್ಯಾಕ್ ಬೆಲ್ಟ್ ದರ್ಜೆಗಳನ್ನು ತಂದವರೂ ಅವರೇ. ಫುನಾಕೋಶಿ ಅದನ್ನು ನೋಡಿ 1924ರಲ್ಲಿ ತಮ್ಮ ಶಿಷ್ಯರಿಗೆ ಕರಾಟೆಯ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು ಕೊಟ್ಟರು. ಹಳದಿ, ಕಿತ್ತಳೆ, ಹಸಿರು, ನೀಲಿ ಎಂಬ ಸಾಲು ಹರಡಿದ್ದು ಅದಾದ ಮೇಲೆ ಯುರೋಪಿನ ಜೂಡೋದಿಂದ. ಕಲಿಯುವವರ ಉತ್ಸಾಹ ಕುಗ್ಗದಿರಲಿ ಎಂದು ಬಂದ ಏರ್ಪಾಡು ಅದು, ಕೆಟ್ಟದ್ದಲ್ಲ. ಆದರೆ ತರಗತಿಯ ಎಲ್ಲ ಮಕ್ಕಳೂ ಪ್ರತಿ ಸಲ ಪಾಸಾಗುತ್ತಿದ್ದರೆ ಅದು ಪರೀಕ್ಷೆಯಲ್ಲ, ವಸೂಲಿ. ಈ ಬಾರಿ ಬೇಡ, ಇನ್ನೂ ಕಲಿಯಲಿ ಎಂದು ಹೇಳುವ ಧೈರ್ಯ ಇರುವ ಮಾಸ್ಟರನ್ನು ಹುಡುಕಿ. ತರಗತಿಯಲ್ಲಿ ಒಂದು ಮೂಲೆಯಲ್ಲಿ ಕುಳಿತು ನೋಡುತ್ತೇನೆ ಎಂದು ಕೇಳಿ. ಪೋಷಕರಿಗೆ ಪ್ರವೇಶವಿಲ್ಲ ಎಂದರೆ ಅಲ್ಲಿಂದಲೇ ತಿರುಗಿ ಬನ್ನಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ, ಪುಟ್ಟ ಮಕ್ಕಳನ್ನೂ ದೊಡ್ಡವರನ್ನೂ ಬೇರೆ ಮಾಡಿ ಜೋಡಿ ಹಾಕುತ್ತಾರೆಯೇ, ಗಾಯವಾದವನನ್ನು ಕೂರಿಸುತ್ತಾರೆಯೇ, ಇವನ್ನು ನೋಡಿದರೆ ಸಾಕು. ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ನೋಡಬೇಡಿ.

ನಮ್ಮ ಶಾಲೆಯಲ್ಲೂ ಹೆಣ್ಣು ಮಕ್ಕಳಿಗೆ ಆತ್ಮರಕ್ಷಣೆ ತರಬೇತಿ ನಡೆಯುತ್ತದೆ. ಕೆಲವು ತಿಂಗಳ ತರಬೇತಿಯಲ್ಲಿ ಒದೆತ, ಗುದ್ದು ಮೈಗೆ ಹತ್ತುವುದಿಲ್ಲ, ಮರೆತುಹೋಗುತ್ತದೆ. ಉಳಿಯುವುದು ದನಿ. ಬಸ್ಸಿಳಿದು ಕಾಡಿನ ದಾರಿಯಲ್ಲಿ ಮನೆ ಸೇರುವ ಮಕ್ಕಳು ನಮ್ಮವರು. ಎಂದೂ ಎತ್ತರದ ದನಿಯಲ್ಲಿ ಮಾತನಾಡದ ಹುಡುಗಿ ಹೊಟ್ಟೆಯಿಂದ ಕಿರುಚಿ ಬೇಡ, ಹತ್ತಿರ ಬರಬೇಡ ಎನ್ನುವುದನ್ನು ಕಲಿಯಲು ವಾರಗಳೇ ಹಿಡಿಯುತ್ತವೆ. ಮೊದಲ ದಿನ ಎಲ್ಲರೂ ನಕ್ಕು ಬಾಯಿಗೆ ಕೈ ಅಡ್ಡ ಇಡುತ್ತಾರೆ. ನಾನು ಮೈದಾನದ ಆ ತುದಿಗೆ ಹೋಗಿ ನಿಂತು, ನನಗೆ ಕೇಳಿಸುವಂತೆ ಕೂಗಿ ಎನ್ನುತ್ತೇನೆ. ಕೊನೆಯ ವಾರ ಅವರ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಾರೆ. ಅಷ್ಟಾದರೆ ನನ್ನ ಕೆಲಸ ಆಯಿತು.

ಅಡಕೆ ಸುಲಿತ ಶುರುವಾದರೆ ಮಾತ್ರ ಮಕ್ಕಳು ಮೈದಾನಕ್ಕೆ ಬರುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಮನೆಯ ಅನ್ನದ ಪ್ರಶ್ನೆ. ಆ ತಿಂಗಳುಗಳಲ್ಲಿ ಬಂದಷ್ಟೇ ಮಕ್ಕಳಿಗೆ ಹೇಳಿಕೊಡುತ್ತೇನೆ.

ಕೀಲು ಮತ್ತು ಸ್ನಾಯು, ಶಿವಮೊಗ್ಗ

ನಾನು ಫಿಸಿಯೋಥೆರಪಿಸ್ಟ್. ನನ್ನ ಬಳಿ ಬರುವವರಲ್ಲಿ ಕರಾಟೆ, ಕಬಡ್ಡಿ, ಕುಸ್ತಿಯವರು ಸಾಕಷ್ಟು ಜನ. ತಡವಾಗಿ ಬರುವುದೇ ದೊಡ್ಡ ಸಮಸ್ಯೆ, ಆದ್ದರಿಂದ ಕೆಲವು ಮಾತು.

ಮೊಣಕಾಲು: ಮವಾಶಿ ಗೆರಿ, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆತ, ಒದೆಯುವಾಗ ನೆಲದ ಮೇಲಿರುವ ಪಾದ ತಿರುಗಲೇಬೇಕು, ಹಿಮ್ಮಡಿ ಎದುರಾಳಿಯ ಕಡೆ ಬರಬೇಕು. ಪಾದ ಅಂಟಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮೊಣಕಾಲಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಒಂದು ಕಡೆ ಒದ್ದೆ, ಒಂದು ಕಡೆ ಒಣ ಇರುವ ನೆಲ ಅತಿ ಅಪಾಯಕಾರಿ. ಟಕ್ ಎಂಬ ಸದ್ದು ಬಂದು, ಕೆಲವೇ ಗಂಟೆಯಲ್ಲಿ ಮೊಣಕಾಲು ಊದಿದರೆ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿರುವ ಸಂಭವ ಹೆಚ್ಚು. ಎಣ್ಣೆ ತಿಕ್ಕಿಸಿಕೊಂಡು ಕೂರಬೇಡಿ. ಶಸ್ತ್ರಚಿಕಿತ್ಸೆಯಾದರೆ ಅಖಾಡಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಅದಕ್ಕೂ ಮೊದಲು ಇಳಿದು ಮತ್ತೆ ಹರಿದುಕೊಂಡವರನ್ನು ನೋಡಿ ನನಗೆ ಸಂಕಟವಾಗಿದೆ.

ತಲೆ: ಏಟು ಬಿದ್ದು ಒಂದು ಕ್ಷಣ ಮಂಕಾದರೂ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಬೇಕು. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತಡವರಿಸಿದರೆ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಕ್ಷಣ ಕರೆದೊಯ್ಯಿರಿ. ತಲೆಗೆ ಬೀಳುವ ಏಟನ್ನು ತಾಳಿಕೊಂಡು ಮೆದುಳು ಗಟ್ಟಿಯಾಗುವುದು ಎಂಬುದು ಇಲ್ಲ.

ಚರ್ಮ: ಒದ್ದೆ ಬಟ್ಟೆ, ಹಂಚಿಕೊಂಡ ಟವೆಲ್, ಒರೆಸದ ಮ್ಯಾಟ್ ಸೇರಿದರೆ ಹುಳುಕಡ್ಡಿ ಖಚಿತ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಇಮ್ಮಡಿಯಾಗಿ ಹರಡುತ್ತದೆ. ಚರ್ಮವೈದ್ಯರನ್ನು ಕಾಣಿ, ವಾಸಿಯಾಗುವವರೆಗೆ ಮ್ಯಾಟಿನಿಂದ ದೂರವಿರಿ.

ಹಳೇ ಗರಡಿ ಸರ್, ಕುಸ್ತಿಯವರು ಕಿವಿ ಊದಿದ್ದನ್ನು ಹೆಮ್ಮೆಯಿಂದ ಬಿಟ್ಟುಬಿಡುತ್ತಾರೆ. ಒಳಗೆ ರಕ್ತ ನಿಂತಿರುತ್ತದೆ. ಬೇಗ ವೈದ್ಯರಿಂದ ತೆಗೆಸಿದರೆ ಕಿವಿ ಉಳಿಯುತ್ತದೆ, ಬಿಟ್ಟರೆ ಶಾಶ್ವತವಾಗಿ ಗಡ್ಡೆ ಕಟ್ಟುತ್ತದೆ. ಹುಡುಗರಿಗೆ ನೀವು ಹೇಳಿದರೆ ಕೇಳುತ್ತಾರೆ.

ಹಳೇ ಗರಡಿ

ಹೇಳುತ್ತೇನೆ ಡಾಕ್ಟ್ರೇ. ನನ್ನ ಎಡಗಿವಿ ಹಾಗೇ ಗಡ್ಡೆ ಕಟ್ಟಿದೆ. ಫೋನ್ ಇಟ್ಟುಕೊಂಡರೆ ಇಂದಿಗೂ ಒತ್ತುತ್ತದೆ. ತೂಕದ ಬಗ್ಗೆಯೂ ಒಂದು ಮಾತು ಬರೆಯಿರಿ. ತೂಕದ ವರ್ಗಗಳಲ್ಲಿ ಅಂಕ ಎಣಿಸಿ ಆಡುವ ಪಾಯಿಂಟ್ ಕುಸ್ತಿಗೆ ಹೋಗುವ ಹುಡುಗರು ಸ್ಪರ್ಧೆಯ ಹಿಂದಿನ ದಿನ ನೀರು ಬಿಟ್ಟು, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡುತ್ತಾರೆ.

ಕೀಲು ಮತ್ತು ಸ್ನಾಯು

ಅದು ಪ್ರಾಣಕ್ಕೇ ಕುತ್ತು ತರುವ ಕೆಲಸ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಅಲ್ಲಿ ನಿಯಮಗಳೇ ಬದಲಾದವು. ಹದಿನೇಳರ ಹುಡುಗ ಬೆಳೆಯುವ ವಯಸ್ಸಿನವನು. ಅವನು ಮೇಲಿನ ತೂಕದ ವರ್ಗದಲ್ಲಿ ಆಡಲಿ, ಸೋತರೂ ಸರಿ.

ಬಿಟ್ಟವನು, ಕೊಪ್ಪ

ಬಿಟ್ಟವರ ಮಾತೂ ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಟೇಕ್ವಾಂಡೋದಲ್ಲಿ ಬ್ಲ್ಯಾಕ್ ಬೆಲ್ಟ್ ತನಕ ಹೋಗಿ ನಿಲ್ಲಿಸಿದೆ. ಮದುವೆ, ಮಗು, ಪಾಳಿಯ ಕೆಲಸ. ತರಗತಿ ಸಂಜೆ, ನನ್ನ ಪಾಳಿಯೂ ಸಂಜೆ. ಊರಿನಲ್ಲಿ ಇರುವುದು ಒಂದೇ ತರಗತಿ, ಅದರ ಸಮಯ ನನಗಾಗಿ ಬದಲಾಗುವುದಿಲ್ಲ. ಬಿಟ್ಟ ಮೇಲೆ ಜತೆಗಿದ್ದವರು ಮಾತು ಕಡಿಮೆ ಮಾಡಿದರು. ಅದು ಒದೆತಕ್ಕಿಂತ ಹೆಚ್ಚು ನೋಯಿಸಿತು. ಬಿಟ್ಟವರನ್ನು ದಯವಿಟ್ಟು ದೂರ ಮಾಡಬೇಡಿ. ಭಾನುವಾರ ಬೆಳಗ್ಗೆ ಎಲ್ಲಾದರೂ ಅಭ್ಯಾಸ ಇದ್ದರೆ ನಾನು ಇಂದಿಗೂ ಬರುತ್ತೇನೆ.

ತೋಟದ ಮನೆ

ಕೊಪ್ಪದ ಸ್ನೇಹಿತರೇ, ನೀವು ನನಗೆ ಅಷ್ಟೇನೂ ದೂರದವರಲ್ಲ. ಖಾಸಗಿ ಸಂದೇಶ ಕಳಿಸಿದ್ದೇನೆ, ನೋಡಿ. ಹುಲ್ಲಿನ ಮ್ಯಾಟ್ ಇದೆ, ಜಾಗ ಇದೆ. ಟೇಕ್ವಾಂಡೋ ಆದರೇನು, ಬೀಳುವುದನ್ನು ನಾನು ಹೇಳಿಕೊಡುತ್ತೇನೆ, ಒದೆತವನ್ನು ನೀವು ಹೇಳಿಕೊಡಿ.

ತುಂಗಾತೀರ

ಎಲ್ಲರಿಗೂ ತಿಳಿಸಬೇಕಾದ ಸುದ್ದಿ ಇದೆ. ಇಲ್ಲಿ ಬಂದ ಉತ್ತರಗಳನ್ನು ಮಾಸ್ಟರ್‌ಗೆ ಓದಲು ಕೊಟ್ಟೆ. ಕೊಡುವ ಮೊದಲು ಎರಡು ರಾತ್ರಿ ಯೋಚಿಸಿದ್ದೆ, ಗುರುಗಳಿಗೆ ಬುದ್ಧಿ ಹೇಳಿದಂತಾಗುತ್ತದೆಯೋ ಎಂದು. ಅವರು ಪೂರ್ತಿ ಓದಿ, ದೊಡ್ಡವರಿಗೆ ಜೋಡಿ ಸಿಗುತ್ತಿಲ್ಲ ಎಂಬುದು ನನಗೂ ಗೊತ್ತಿತ್ತು, ದಾರಿ ಕಾಣದೆ ಸುಮ್ಮನಿದ್ದೆ ಎಂದರು. ಭಾನುವಾರ ಬೆಳಗ್ಗೆ ದೊಡ್ಡವರಿಗೆ ಮಾತ್ರ ಸಭಾಂಗಣ ತೆರೆಯಲು ಒಪ್ಪಿದ್ದಾರೆ. ಬೇರೆ ತರಗತಿಯವರು, ಬೇರೆ ವಿದ್ಯೆಯವರು ಬಂದರೂ ಅಡ್ಡಿಯಿಲ್ಲ ಎಂದಿದ್ದಾರೆ. ನಮ್ಮ ಕಡೆ ಮಾಸ್ಟರ್‌ಗಳು ಒಬ್ಬರ ಶಿಷ್ಯರನ್ನು ಇನ್ನೊಬ್ಬರ ಬಾಗಿಲಿಗೆ ಕಳಿಸುವುದಿಲ್ಲ ಎಂಬುದು ಬಲ್ಲವರಿಗೆ ಗೊತ್ತು, ಆದ್ದರಿಂದ ಇದು ದೊಡ್ಡ ಮಾತು.

ಮೊದಲ ಭಾನುವಾರ ಕಾಲೇಜು ಉಪನ್ಯಾಸಕಿಯೊಬ್ಬರು ಬಂದರು. ಹಿಂದೆ ಕರಾಟೆ ಕಲಿತು ಬಿಟ್ಟವರು, ತೂಕ ನನ್ನಷ್ಟೇ. ಭದ್ರಾವತಿಯ ತಮ್ಮ ಹೇಳಿದ ಅಭ್ಯಾಸವನ್ನು ಇಬ್ಬರೂ ಸರದಿಯಲ್ಲಿ ಮಾಡಿದೆವು. ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗ್ಲೌಸ್ ಹಣೆಗೆ ತಾಗುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಅವರು ಕೈಯನ್ನು ಹಣೆಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ, ನಾನು ಕಣ್ಣು ಬಿಡುವವರೆಗೆ ಕಾದು, ಆಮೇಲೆ ತಟ್ಟಿದರು. ಮತ್ತೆ ಕಾದು, ಮತ್ತೆ ತಟ್ಟಿದರು. ಮೂರು ನಿಮಿಷ ಮುಗಿಯುವ ಹೊತ್ತಿಗೆ ನನ್ನ ಬೆನ್ನು ಬೆವರಿನಿಂದ ಗೋಡೆಗೆ ಅಂಟಿತ್ತು. ಇನ್ನೂ ಮುಚ್ಚುತ್ತದೆ, ಆದರೆ ತಡವಾಗಿ ಮುಚ್ಚುತ್ತದೆ. ಅವರ ಹೆಗಲು ಅಲುಗುವುದು ನನಗೆ ಕಂಡಿತು. ಇಷ್ಟು ವರ್ಷದಲ್ಲಿ ಕಂಡದ್ದು ಅದೇ ಮೊದಲು.

ಉಕ್ಕಿನ ಊರು

ಕೈ ನಿಲ್ಲಿಸಿ ಕಾದರಲ್ಲ, ಅವರು ಒಳ್ಳೆಯ ಜೋಡಿ, ಬಿಡಬೇಡಿ. ಮುಂದಿನ ಹಂತ ಹೀಗೆ: ಅವರು ತಟ್ಟಿದ ಕೂಡಲೇ ನೀವು ಒಂದೇ ಒಂದು ನೇರ ಗುದ್ದು ಅವರ ಎದೆಗವಚಕ್ಕೆ ಕೊಡಬೇಕು, ನಿಧಾನಕ್ಕೆ. ಎರಡು ಬೇಡ. ವಿಶ್ವ ಕರಾಟೆ ನಿಯಮದಲ್ಲಿ ಗುದ್ದಿಗೆ ಒಂದು ಅಂಕ, ಹೊಟ್ಟೆ ಎದೆಯ ಒದೆತಕ್ಕೆ ಎರಡು, ತಲೆಗೆ ಒದೆತಕ್ಕೆ ಮೂರು ಎಂದು ಓದಿದೆ. ಅಂಕದ ಆಸೆಗೆ ಈಗಲೇ ತಲೆಗೆ ಕಾಲೆತ್ತಬೇಡಿ. ಮುಂದಿನ ಭಾನುವಾರ ನಾನೂ ಬರುತ್ತೇನೆ, ಎರಡು ಜೊತೆ ದಪ್ಪ ಗ್ಲೌಸ್ ತರುತ್ತೇನೆ.

ಹಳೇ ಗರಡಿ

ನಾನೂ ಬಂದು ಕುಳಿತುಕೊಳ್ಳುತ್ತೇನೆ ತಂಗಿ. ಮೈಯಲ್ಲಿ ಬಲವಿಲ್ಲ, ಕಣ್ಣು ಚೆನ್ನಾಗಿದೆ. ಜೋಡಿ ಕಟ್ಟಲು ಅಷ್ಟು ಸಾಕು.

ಹೆಣ್ಣುಮಗಳ ತಾಯಿ, ಸಾಗರ

ಮೇಷ್ಟ್ರ ಮಾತಿನಂತೆ ಮಗಳನ್ನು ಆ ತರಗತಿಯಿಂದ ಬಿಡಿಸಿದೆ. ಕಟ್ಟಿದ ಶುಲ್ಕ ವಾಪಸ್ ಕೊಡಲಿಲ್ಲ, ಇರಲಿ. ಈಗ ಅವಳೇ ಮತ್ತೆ ಕಲಿಯಬೇಕು ಎನ್ನುತ್ತಿದ್ದಾಳೆ. ಸಾಗರದಿಂದ ಬೆಳಗಿನ ರೈಲಿಗೆ ಬಂದರೆ ಭಾನುವಾರದ ಅಭ್ಯಾಸಕ್ಕೆ ಸೇರಿಸಿಕೊಳ್ಳುತ್ತೀರಾ? ದೊಡ್ಡವರಿಗೆ ಮಾತ್ರ ಎಂದಿದ್ದೀರಿ.

ತುಂಗಾತೀರ

ಮಾಸ್ಟರ್ ಹತ್ತಿರ ಕೇಳಿದೆ ಅಕ್ಕ. ದೊಡ್ಡವರ ಜೋಡಿ ಅಭ್ಯಾಸಕ್ಕೆ ಮಕ್ಕಳನ್ನು ಸೇರಿಸುವುದಿಲ್ಲ, ಅದು ಸರಿಯೂ ಅಲ್ಲ. ಆದರೆ ಮೊದಲ ಅರ್ಧ ಗಂಟೆ ಬೀಳುವುದನ್ನು ಕಲಿಸುತ್ತಾರೆ, ತೋಟದ ಮನೆಯವರು ತಿಂಗಳಿಗೊಮ್ಮೆ ಬಂದು ಹೇಳಿಕೊಡಲು ಒಪ್ಪಿದ್ದಾರೆ. ಅದಕ್ಕೆ ಮಗಳನ್ನು ಕರೆತನ್ನಿ, ನೀವು ಪಕ್ಕದಲ್ಲೇ ಕುಳಿತು ನೋಡಬಹುದು. ಸಾಗರದಲ್ಲೇ ಅವಳ ವಯಸ್ಸಿನ ಇನ್ನೊಬ್ಬ ಹುಡುಗಿ ಸಿಗುತ್ತಾಳೆಯೇ ವಿಚಾರಿಸಿ, ಇಬ್ಬರಾದರೆ ವಾರವಿಡೀ ಮನೆಯಲ್ಲೇ ಅಭ್ಯಾಸ ಮಾಡಬಹುದು. ಸಮವಸ್ತ್ರ ಈಗಲೇ ಕೊಳ್ಳಬೇಡಿ, ಸಡಿಲವಾದ ಪ್ಯಾಂಟು ಅಂಗಿ ಸಾಕು. ಉಗುರು ಕತ್ತರಿಸಿ, ಓಲೆ, ಬಳೆ, ಕಾಲ್ಗೆಜ್ಜೆ ಮನೆಯಲ್ಲೇ ತೆಗೆದಿಟ್ಟು ಬರಲಿ. ಈ ತಿಂಗಳು ಶುಲ್ಕ ಇಲ್ಲ.